ಹೊಲ ನೋಡಲು ಬಂದವರು

ಸಂಶಿ
೨೭–೧–೨೦೨೫, ಸೋಮವಾರ

ಪ್ರೀತಿಯ ಅತ್ತೆವ್ವ,

ನಿಮ್ಮ ಸೊಸೆ ಮಲ್ಲಿಕಾ ಮಾಡುವ ನಮಸ್ಕಾರ. ಮೊಣಕಾಲು ಹೇಗಿದೆ? ದುಮ್ಮವಾಡದ ಥಂಡಿಗೆ ನೋವು ಹೆಚ್ಚಾಗಿಲ್ಲ ತಾನೆ? ಚೀಲದಲ್ಲಿ ನಾನಿಟ್ಟ ಎಣ್ಣೆಯನ್ನು ನೀವು ಹಚ್ಚಿಕೊಳ್ಳುತ್ತಿದ್ದೀರೋ ಅಥವಾ ಅದನ್ನೂ ಕೂಸಿಗೇ ತಿಕ್ಕಿ ಮುಗಿಸಿದಿರೋ? ಕೂಸಿನ ಫೋಟೋ ನೋಡಿ ನೋಡಿ ನನ್ನ ಫೋನು ಬಿಸಿಯಾಗಿದೆ. ಮೂಗು ಮಾತ್ರ ನಿಮ್ಮದೇ, ಅನುಮಾನವೇ ಬೇಡ. ಫೋನು ಮಾಡಿದರೆ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ನಾನು ಏನು ಹೇಳಿದರೂ "ಉಂಡ್ಯೇನವಾ?" ಎಂದು ಕೇಳಿ ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ. ಅಕ್ಕಾ, ಕೂಸು ಮಲಗಿದಾಗ ಅತ್ತೆವ್ವನ ಕಿವಿಯ ಹತ್ತಿರ ಕುಳಿತು ಓದಿರಿ, ನನ್ನ ಕನ್ನಡ ಅಕ್ಷರ ನೋಡಿ ನಗಬೇಡಿರಿ. ಇಂಗ್ಲಿಷ್ ಶಾಲೆಯವರು ಕಲಿಸಿದ್ದೇ ಇಷ್ಟು.

ಮೊದಲು ನಿಮ್ಮ ಮಗ ಬರೆಯಲು ಹೇಳಿದ್ದನ್ನು ಬರೆದುಬಿಡುತ್ತೇನೆ. ನೀವು ಅಲ್ಲಿ ಮಗಳ ಮನೆಯಲ್ಲಿ ನಿಶ್ಚಿಂತೆಯಿಂದ ಇದ್ದು, ಅಕ್ಕನ ಬಾಣಂತನ ಪೂರ್ತಿ ಮುಗಿಸಿಕೊಂಡೇ ಬರಬೇಕಂತೆ. ಇಲ್ಲಿಯ ಚಿಂತೆ ಬೇಡವಂತೆ. ಸಿದ್ಧಲಿಂಗ ತಾನೇ ಎಲ್ಲ ನೋಡಿಕೊಳ್ಳುತ್ತಾನಂತೆ. ಅಯ್ಯೋ, ಮತ್ತೆ ಹೆಸರು ಬರೆದುಬಿಟ್ಟೆ. "ಗಂಡನ ಹೆಸರ ಹಿಡದ ಕರೀಬಾರದು ಬೇ, ಆಯುಷ್ಯ ಕಡಿಮಿ ಆಗ್ತೈತಿ" ಎಂದು ನೀವು ಎಷ್ಟು ಸಲ ಹೇಳಿದ್ದೀರಿ. ಇನ್ನು ಮುಂದೆ 'ಇವರು' ಎಂದೇ ಬರೆಯುತ್ತೇನೆ. ಇವರು ಇಲ್ಲಿ ಪಕ್ಕದಲ್ಲೇ ಕುಳಿತು ನಾನು ಬರೆಯುವ ಒಂದೊಂದು ಸಾಲನ್ನೂ ಓದುತ್ತಿದ್ದಾರೆ. ಗಡ್ಡ ಬೋಳಿಸಿಲ್ಲ, ಆದರೂ ಚೆಂದವೇ ಕಾಣುತ್ತಿದ್ದಾರೆ. ಅಕ್ಕಾ, ಈ ಸಾಲು ಅತ್ತೆವ್ವನಿಗೆ ಓದಬೇಡಿರಿ.

ಶೆಡ್ಡಿನ ಕೆಲಸ ಇನ್ನೂ ಆಗಿಲ್ಲ, ಅತ್ತೆವ್ವ. ಬಾಬಾಸಾಬ ಕಾಕಾ ಮೊನ್ನೆ ಬಂದು ಇನ್ನೊಮ್ಮೆ ನೆನಪು ಮಾಡಿಹೋದರು. ಇವರು ಕೂರಿಗೆ, ಕುಂಟೆ, ಟ್ರ್ಯಾಕ್ಟರಿನ ನೇಗಿಲು ರಿಪೇರಿ ಮಾಡುವ ಶೆಡ್ಡು ಅವರದೇ ಅಲ್ಲವೇ? ಅವರ ಮಗ ಆಸೀಫ್ ಅಲ್ಲಿ ಟೈಲ್ಸ್ ಅಂಗಡಿ ಇಡುತ್ತಾನೆ, ಯುಗಾದಿಗೆ ಜಾಗ ಬಿಡಲೇಬೇಕು. ಕಾಕಾ ಪಾಪ ಚಹಾ ಕೂಡ ಅರ್ಧ ಕುಡಿದು ಎದ್ದರು, ಅಷ್ಟು ಸಂಕೋಚ. ಅವರ ತಪ್ಪೇನೂ ಇಲ್ಲ. ಯುಗಾದಿಯೊಳಗೆ ನಮ್ಮ ಹೊಲದ ರಸ್ತೆ ಬದಿಯ ಮೂಲೆಯಲ್ಲಿ ಶೆಡ್ಡು ಏಳದಿದ್ದರೆ ಇವರ ವೆಲ್ಡಿಂಗ್ ಯಂತ್ರ ನಮ್ಮ ಅಡುಗೆಮನೆಯಲ್ಲಿ ಇರುತ್ತದೆ, ಇವರು ಯಾರದೋ ಗ್ಯಾರೇಜಿನಲ್ಲಿ ಕೂಲಿಗೆ ಇರುತ್ತಾರೆ. ಇಷ್ಟು ವರ್ಷ ಸ್ವಂತ ಹೆಸರಿನ ಬೋರ್ಡು ಹಾಕಿಕೊಂಡು ದುಡಿದವರು, ಅತ್ತೆವ್ವ. ನನಗೆ ಅದನ್ನು ನೋಡಲಾಗುವುದಿಲ್ಲ.

ಇಷ್ಟಕ್ಕೂ ಆಗಿರುವುದು ಏನು? ಬಣ್ಣದ ಜಗಳ. ಸರಕಾರದ ಹೊಸ ನಕಾಶೆಯಲ್ಲಿ ರಸ್ತೆಯ ಆಚೆ ಕಾಕಾನ ಜಾಗಕ್ಕೆ ನೀಲಿ ಬಣ್ಣ, ಅಂದರೆ ಅಂಗಡಿ ಇಡಬಹುದು. ಈಚೆ ನಮ್ಮ ಹೊಲಕ್ಕೆ ಹಸಿರು ಬಣ್ಣ, ಅಂದರೆ ಬೇಸಾಯ ಬಿಟ್ಟು ಬೇರೇನೂ ಮಾಡಬಾರದು. ನಡುವೆ ಇರುವುದು ಒಂದು ಬಸ್ಸು ಹೋಗುವಷ್ಟು ರಸ್ತೆ. ನನ್ನ ಮದುವೆಯ ಸೀರೆಗೆ ಜಂಪರಿನ ಬಣ್ಣ ಹೊಂದಿಸಲು ನಮ್ಮ ಮಮ್ಮಿ ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ಸುತ್ತಿಸಿದ್ದಳು, ಅದೇ ಜನ್ಮದ ದೊಡ್ಡ ಕಷ್ಟ ಎಂದುಕೊಂಡಿದ್ದೆ. ಈ ಹಸಿರನ್ನು ನೀಲಿ ಮಾಡಿಸಲು ಅದಕ್ಕಿಂತ ಹೆಚ್ಚು ಸುತ್ತಿದ್ದೇನೆ. ಕುಂದಗೋಳದ ತಾಲೂಕು ಕಚೇರಿಯವರು ಮೊದಲು ನಕಾಶೆ ಕಚೇರಿಯ ಒಪ್ಪಿಗೆ ತನ್ನಿ ಎನ್ನುತ್ತಾರೆ. ನಕಾಶೆ ಕಚೇರಿಯವರು ಮೊದಲು ಕುಂದಗೋಳದ ಒಪ್ಪಿಗೆ ತನ್ನಿ ಎನ್ನುತ್ತಾರೆ. ಎರಡೂ ಕಡೆ ಹೋದ ದಿನ ಸರ್ವರ್ ಇರುವುದಿಲ್ಲ. ನಾನು ಡಿಕ್ಷನರಿ ನೋಡಿ ಎಷ್ಟು ಚೆಂದದ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಒಯ್ದಿದ್ದೆ ಗೊತ್ತೇ? ಗುಮಾಸ್ತರು ಪೂರ್ತಿ ಓದಿ, "ಅವ್ವಾರ, ಇಂಗ್ಲಿಷ್ ಅಗದೀ ಛಲೋ ಐತ್ರಿ. ಖರೆ ಇಲ್ಲಿ ನಡಿಯೂದು ಕನ್ನಡ. ಬರಕೊಂಡ ಬರ್ರಿ" ಎಂದು ಮಡಚಿ ಕೊಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಗಿರಮಿಟ್ಟು ತಿನ್ನುತ್ತ ಅತ್ತುಬಿಟ್ಟೆ. ಅದರಲ್ಲಿ ಮೆಣಸಿನಕಾಯಿ ಬೇರೆ ಜಾಸ್ತಿ ಇತ್ತು.

ಈಗ ನಿಮಗೆ ಇಷ್ಟು ದಿನ ಯಾರೂ ಹೇಳದ ಮಾತು. ಇವರು ಬರೆಯಬೇಡ ಎಂದು ನನ್ನ ಮೊಣಕೈ ತಿವಿಯುತ್ತಿದ್ದಾರೆ, ಆದರೆ ನಿಮ್ಮಿಂದ ಮುಚ್ಚಿಟ್ಟು ನನಗೆ ಊಟ ಸೇರುತ್ತಿಲ್ಲ. ಶೀಗೀ ಹುಣ್ಣಿಮೆಯ ಹೊತ್ತಿಗೆ, ನಕಾಶೆ ಕಚೇರಿಯ ದೊಡ್ಡ ಸಾಹೇಬರು ಯಾವಾಗಲಾದರೂ ಹೊಲ ನೋಡಲು ಬರುತ್ತಾರೆ ಎಂದು ನಾವು ನಿಮಗೆ ಹೇಳಿದ್ದೆವು. ಹೊಲವನ್ನು ಹಾಗೇ ಬೀಳು ಬಿಡಿ, ಈ ಮಣ್ಣಿನಲ್ಲಿ ಏನೂ ಆಗುವುದಿಲ್ಲ ಎಂದು ಅವರಿಗೆ ಅನ್ನಿಸಬೇಕು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ. ನೀವು ಸೊಂಟ ಕಟ್ಟಿ ನಿಂತಿರಿ. ಕಸ ಕೀಳಿಸಿದಿರಿ, ಕಡಲೆ ಬಿತ್ತಿಸಿದಿರಿ, ಸುತ್ತ ಕುಸುಬೆಯ ಸಾಲು ಹಾಕಿಸಿದಿರಿ. ನಾನು ಇದೆಲ್ಲ ಯಾಕೆ ಎಂದಿದ್ದಕ್ಕೆ, "ಕನ್ಯಾ ನೋಡಾಕ ಬಂದಾಗ ಹರಕ ಸೀರಿ ಉಡಿಸಿ ಕುಂದ್ರಸ್ತಾರೇನ ಬೇ?" ಎಂದಿರಿ. ನನಗೆ ನಮ್ಮ ಮನೆಯ ಸೋಫಾದ ಮೇಲೆ ನಾನೇ ತಲೆ ಬಗ್ಗಿಸಿ ಕುಳಿತದ್ದು, ನೀವು ನನ್ನ ಕೈ ಹಿಡಿದು ತಿರುವಿ ನೋಡಿದ್ದು ನೆನಪಾಗಿ ನಗು ಬಂದು ಸುಮ್ಮನಾದೆ. ಆಗ ನಗದೆ ಬಾಯಿ ಬಿಡಬೇಕಿತ್ತು.

ಎಳ್ಳಮಾವಾಸ್ಯೆ ಆದ ಮೇಲೆ ಸಾಹೇಬರು ಬಂದರಲ್ಲ, ಕಡಲೆ ಕಾಯಿ ತುಂಬಿ ನಿಂತಿತ್ತು. "ಅಜ್ಜೀ, ಇಂಥಾ ಕಡ್ಲಿ ಈ ವರ್ಷ ನಾ ಎಲ್ಲೂ ನೋಡಿಲ್ಲ ಬಿಡ್ರಿ" ಎಂದರು. ನೀವು ಹಸಿ ಕಡಲೆ ಗಿಡ ಕಿತ್ತು ಸುಲಗಾಯಿಯ ದೊಡ್ಡ ಹೊರೆಯನ್ನೇ ಕಟ್ಟಿ, "ಮನ್ಯಾಗ ಹುಡುಗೂರಿಗೆ ಒಯ್ಯರಿ ಸಾಹೇಬ್ರ" ಎಂದು ಜೀಪಿನಲ್ಲಿ ಇಡಿಸಿದಿರಿ. ಸಂಜೆ ಓಣಿಯವರಿಗೆಲ್ಲ ಸಕ್ಕರೆ ಹಂಚಿ, ಸಾಹೇಬರಿಗೆ ಹೊಲ ಮನಸ್ಸಿಗೆ ಬಂತು ಎಂದಿರಿ. ನಿಜಕ್ಕೂ ಬಂದಿತ್ತು, ಅತ್ತೆವ್ವ. ನೀವು ದುಮ್ಮವಾಡಕ್ಕೆ ಹೋದ ಮೇಲೆ ಉತ್ತರ ಬಂತು. ಜಮೀನು ಉತ್ತಮ ಸಾಗುವಳಿಯಲ್ಲಿದೆ, ಬಣ್ಣ ಬದಲಿಸುವುದು ಯೋಗ್ಯವಲ್ಲ.

ನಾನು ಸಿಟ್ಟಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಸಿಟ್ಟಾದೆ. ಪಾತ್ರೆಗಳಿಗೆ ಗೊತ್ತು. ಕಚೇರಿ ಕೆಲಸ ಮಾಡಿಸಿಕೊಡುವ ಹನಮಪ್ಪ ಬಂದು ಎಣ್ಣೆ ಸುರಿದ: "ನಿಮ್ಮತ್ತಿ ಸುಲಗಾಯಿ ಕೊಟ್ಟು ಕೆಲಸಾ ಕೆಡಿಸ್ಯಾಳ. ಎಲ್ಲಾ ಕಿತ್ತ ಒಗೀರಿ. ಬೀಳು ಬಿದ್ದಂಗ ಕಾಣಲಿ, ಮತ್ತ ಅರ್ಜಿ ಹಾಕೂಣು." ಮರುದಿನ ಬೆಳಿಗ್ಗೆ ಇಬ್ಬರೂ ಹೊಲಕ್ಕೆ ಹೋದೆವು. ಇವರು ಬಗ್ಗಿ ಒಂದು ಗಿಡ ಕಿತ್ತರು, ಮಣ್ಣು ಜಾಡಿಸಿದರು. ಆಮೇಲೆ ಒಂದೊಂದೇ ಕಾಯಿ ಬಿಡಿಸಿ ನನ್ನ ಕೈಗೆ ಹಾಕಿ, "ನನ್ನ ಕಡಿಂದ ಆಗವಲ್ದು ಮಲ್ಲೀ, ತಿನ್ನು" ಎಂದರು. ಗಿಡ ಕೀಳಲಾಗದವರು ಶೆಡ್ಡು ಹೇಗೆ ಕಟ್ಟುತ್ತೀರಿ ಎಂದು ನಾನು ಕೂಗಾಡಿದೆ. ಮದುವೆಯಾದ ಮೇಲೆ ನಮ್ಮ ಮೊದಲ ಜಗಳ ಅದು, ಅದೂ ಬಯಲಿನಲ್ಲಿ. ಸಿಟ್ಟಿನಲ್ಲಿ ಕೀಳಲು ನಾನೇ ಬಗ್ಗಿದೆ. ಬದುವಿನ ಆಚೆಯಿಂದ ಬಸವಣ್ಣೆವ್ವ, "ಸಾಹೇಬನ ಮ್ಯಾಲಿನ ಸಿಟ್ಟು ಕಡ್ಲಿ ಮ್ಯಾಲ್ಯಾಕ ಬೇ? ಕಾಯಿ ತುಂಬಿದ ಗಿಡಾ ಅದು" ಎಂದಳು. ಕೈಯೆಲ್ಲ ಕಡಲೆಯ ಹುಳಿ. ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತೆ. ಕಿತ್ತದ್ದು ಒಂದೇ ಗಿಡ, ಅದೂ ನಿಮ್ಮ ಮಗನ ಕೈಯಿಂದ.

ಹನಮಪ್ಪನನ್ನು ಬಿಟ್ಟು ಕಳೆದ ವಾರ ನಾನೊಬ್ಬಳೇ ಆ ಸಾಹೇಬರ ಎದುರು ಹೋಗಿ ಕುಳಿತೆ. ಊಟದ ಹೊತ್ತು ದಾಟಿದ ಮೇಲೆ ಕರೆದರು. ಹಸಿರು ಜಾಗದಲ್ಲಿಯೇ, ಬಣ್ಣ ಬದಲಿಸದೆ, ಒಕ್ಕಲುತನದ ಸಾಮಾನು ರಿಪೇರಿಗೆ ಒಂದು ಮೂಲೆಯಲ್ಲಿ ಶೆಡ್ಡು ಹಾಕಲು ವಿಶೇಷ ಅನುಮತಿ ಕೇಳಬಹುದಂತೆ. ಉಳಿದ ಹೊಲ ಸಾಗುವಳಿಯಲ್ಲಿಯೇ ಇರಬೇಕಂತೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಬಣ್ಣ ಬದಲಿ ಮಾಡ್ರಿ ಅಂದ್ರಿ, ಆಗೂದಿಲ್ಲ ಅಂದೆ. ಹಸಿರಾಗ ಇದ್ಕೊಂಡು ಏನ ಮಾಡಬಹುದು ಅಂತ ನೀವು ಕೇಳಲೇ ಇಲ್ಲಲ್ರಿ" ಎಂದರು. ಹೇಳಿ ಅತ್ತೆವ್ವ, ಇದಕ್ಕೆ ಏನು ಮಾಡಬೇಕು? ಕೇಳಬೇಕಾದ ಪ್ರಶ್ನೆ ನಮಗೇ ಗೊತ್ತಿದ್ದರೆ ಅಷ್ಟು ಬಸ್ಸು ಯಾಕೆ ಹತ್ತುತ್ತಿದ್ದೆವು? ಹೊಸ ಅರ್ಜಿ ಹಾಕಿ ಬಂದಿದ್ದೇನೆ, ಕನ್ನಡದಲ್ಲಿಯೇ. ಆಗುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಶಿವರಾತ್ರಿಯೊಳಗೆ ಇನ್ನೊಮ್ಮೆ ಹೊಲ ನೋಡಲು ಬರುತ್ತಾರೆ. ಆದರೆ ನೀವು ಇದಕ್ಕಾಗಿ ಓಡಿ ಬರಬೇಡಿರಿ. ಅಕ್ಕನಿಗೆ ನಿಮ್ಮ ಕೈಯಡುಗೆ ಬೇಕು, ಕೂಸಿಗೆ ನಿಮ್ಮ ಮಡಿಲು ಬೇಕು. ಇದೂ ನಿಮ್ಮ ಮಗನ ಮಾತೇ, ಬರೆದಿದ್ದೇನೆ.

ಅಕ್ಕನಿಗೂ ಅವರ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸಿರಿ. ಕೂಸಿನ ಎರಡೂ ಅಂಗಾಲಿಗೆ ನನ್ನ ಮುತ್ತು. ನಿಮ್ಮ ಆಶೀರ್ವಾದ ನಮ್ಮ ಮೇಲೆ, ನಮ್ಮ ಶೆಡ್ಡಿನ ಮೇಲೂ ಇರಲಿ.

ನಿಮ್ಮ ಪ್ರೀತಿಯ ಸೊಸೆ,
ಮಲ್ಲಿಕಾ

ತಾ.ಕ.: ಇವರು ಪೂರ್ತಿ ಓದಿ, ಸರಿ ಇದೆ ಎಂದು ಕವರಿಗೆ ಅಂಟು ತರಲು ಒಳಗೆ ಹೋಗಿದ್ದಾರೆ, ಅದಕ್ಕೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೇಲೆ ಬರಬೇಡಿರಿ ಎಂದು ಬರೆದದ್ದನ್ನು ಬಿಟ್ಟುಬಿಡಿ. ಕಡಲೆಯ ಎಲೆ ಹಳದಿಯಾಗುತ್ತಿದೆ. ಕೊಯ್ದರೆ ಸಾಹೇಬರಿಗೆ ಬರೀ ನೆಲ ಕಾಣುತ್ತದೆ, ಬಿಟ್ಟರೆ ಕಾಯಿ ಒಡೆದು ಉದುರುತ್ತದೆ ಎನ್ನುತ್ತಾಳೆ ಬಸವಣ್ಣೆವ್ವ. ಏನು ಮಾಡಬೇಕೆಂದು ನಮ್ಮಿಬ್ಬರಿಗೂ ತಿಳಿಯದು. ಹೊಲ ನಿಮ್ಮ ಹೆಸರಿನಲ್ಲಿದೆ, ಸಾಗುವಳಿ ಮಾಡುವವರೇ ಎದುರು ನಿಂತು ಹೇಳಬೇಕು ಎಂದು ಸಾಹೇಬರು ಹೇಳಿದ್ದಾರೆ. "ಸುಲಗಾಯಿ ಕೊಟ್ಟ ಅಜ್ಜಿ ಇರ್ತಾರಲ್ರಿ?" ಎಂದು ಅವರೇ ಕೇಳಿದರು. ಇವರು ಅಭಿಮಾನಕ್ಕೆ ನಿಮಗೆ ಹೇಳುವುದಿಲ್ಲ. ಎರಡೇ ದಿನಕ್ಕೆ ಬಂದು ಹೋಗಿರಿ, ಅಕ್ಕ ಕಳಿಸಿಕೊಡುತ್ತಾರೆ. ಕನ್ಯಾ ನೋಡಲು ಮತ್ತೆ ಬರುತ್ತಿದ್ದಾರೆ ಅತ್ತೆವ್ವ, ಸೀರೆ ಉಡಿಸಲು ನನಗೆ ಬರುವುದಿಲ್ಲ.