ಉಬ್ಬು ಇದೆಯೋ ಇಲ್ಲವೋ

ಜನವರಿ 11, ಬೆಳಿಗ್ಗೆ 10
ಇವತ್ತೂ ವಿಜ್ಞಾನಿಗಳಿಗಾಗಿ ನಲವತ್ತು ಗೆಲಾಕ್ಸಿ ವಿಂಗಡಿಸಿದೆ. ಹೆಂಡತಿ ಎನಿಡ್ ಹೆಸರಿನಲ್ಲೇ ಲಾಗಿನ್. ಕಂಪ್ಯೂಟರ್ ದಿನಾ ‘ಸ್ವಾಗತ, ಎನಿಡ್’ ಅನ್ನುತ್ತದೆ. ಬದಲಿಸಲು ಮನಸ್ಸಿಲ್ಲ. ಚಿತ್ರ ಬರುತ್ತದೆ, ಪ್ರಶ್ನೆ ಬರುತ್ತದೆ: ನಡುವೆ ನಕ್ಷತ್ರಗಳ ಉಬ್ಬು ಇದೆಯೋ, ಇಲ್ಲವೋ? ಒತ್ತುವುದಷ್ಟೇ.

ಜನವರಿ 14
ಎನಿಡ್‌ಗೆ ಈಮೇಲ್. ವಿಶ್ವವಿದ್ಯಾಲಯದ ಡಾ. ಪ್ರಿಚರ್ಡ್. ಕಳೆದ ಬೇಸಿಗೆಯಲ್ಲಿ ಅವಳು ‘ಉಬ್ಬಿಲ್ಲ’ ಎಂದು ಗುರುತಿಸಿದ ಗೆಲಾಕ್ಸಿಯನ್ನು ಬಾಹ್ಯಾಕಾಶ ದೂರದರ್ಶಕದಿಂದ ನೋಡುತ್ತಾರಂತೆ.
ಯಾವುದೆಂದು ಗೊತ್ತು. ನಾವಿಬ್ಬರೂ ಜಗಳವಾಡಿದ್ದು. ನಡುವೆ ಬೆಳ್ಳಗೆ ಹೊಳೆಯುತ್ತಿತ್ತು. ಉಬ್ಬೇ ಎಂದೆ. ಬೇರೆ ವಾಲಂಟಿಯರ್‌ಗಳೂ ಹಾಗೇ ಒತ್ತಿದ್ದರು. ಅವಳು ಮಾತ್ರ—
“ನಾರ್ಮನ್, ಅದೇನು ಕಣ್ಣೋ, ಕೋಟಿನ ಗುಂಡಿಯೋ? ಉಬ್ಬಾದ್ರೆ ಅಂಚು ಮಸುಕಾಗಿರುತ್ತೆ. ಇದು ಬರೀ ಚುಕ್ಕಿ. ಒಳಗೆ ಯಾರೋ ಊಟ ಮಾಡ್ತಿದಾರೆ.”
ಯಾರೋ ಅಂದರೆ ಕಪ್ಪುಕುಳಿ. ಅದು ಅನಿಲ ನುಂಗುವಾಗ ಸುತ್ತ ಉರಿಯುವ ಬೆಳಕು.
ಪಂದ್ಯ ಕಟ್ಟಿದೆವು. ಸೋತವರು ಖಗೋಳ ಸಂಘದಲ್ಲಿ ಎದ್ದು ಮಾತಾಡಬೇಕು. ನಾನು ಜನರೆದುರು ಬಾಯಿ ಬಿಟ್ಟಿದ್ದು ಒಂದೇ ಸಲ, ಮದುವೆಯ ದಿನ. ಅದಕ್ಕೇ ಅವಳು ಆ ಷರತ್ತು ಹಾಕಿದ್ದು.
ಅಕ್ಟೋಬರ್‌ನಲ್ಲಿ ತೀರಿಹೋದಳು.
ಡಾ. ಪ್ರಿಚರ್ಡ್‌ಗೆ ವಿಷಯ ಬರೆದೆ. ಉತ್ತರ ನನಗೇ ಕಳಿಸಿ ಎಂದೆ.

ಫೆಬ್ರವರಿ 2
ಬೆರಿಲ್ ಬಂದಿದ್ದಳು, ಸಂಘದ ಸೆಕ್ರೆಟರಿ. ಹಂದಿಮಾಂಸ ತುಂಬಿದ ಪೈ ತಂದಿದ್ದಳು, ಮತ್ತೆ. ಪಂದ್ಯಕ್ಕೆ ಸಾಕ್ಷಿ ಅವಳೇ. ಮಾರ್ಚ್ ಎಂಟರ ಸಭೆಯಲ್ಲಿ ಮಾತಾಡಲು ನನ್ನ ಹೆಸರು ಹಾಕಿದ್ದಾಳಂತೆ.
“ಪೆನ್ಸಿಲ್‌ನಲ್ಲಿ ಬರ್ದಿದೀನಿ ಕಣಪ್ಪ, ನೀನು ಗೆದ್ರೆ ಅಳಿಸ್ತೀನಿ. ರಬ್ಬರ್ ಮಾತ್ರ ಎಲ್ಲಿಟ್ಟೆನೋ.”
ನಕ್ಕೆ. ಎಷ್ಟೋ ದಿನದ ಮೇಲೆ. ಪೈ ಚೂರು ನೆತ್ತಿಗೇರಿತು.

ಫೆಬ್ರವರಿ 3
ಉಬ್ಬು ಬರುವುದು ಡಿಕ್ಕಿಯಿಂದ. ಗೆಲಾಕ್ಸಿಗೆ ಗೆಲಾಕ್ಸಿ ಗುದ್ದಿದರೆ ನಕ್ಷತ್ರಗಳು ನಡುವೆ ಗುಪ್ಪೆ ಬೀಳುತ್ತವೆ, ಕಪ್ಪುಕುಳಿಗೂ ಹಬ್ಬದೂಟ. ಉಬ್ಬಿಲ್ಲದ್ದು ದೊಡ್ಡ ಡಿಕ್ಕಿ ಕಾಣದ್ದು. ಆದರೂ ಒಳಗಿನ ಕಪ್ಪುಕುಳಿ ದಪ್ಪಗಾಗಿದ್ದರೆ? ಎನಿಡ್ ಹೇಳಿದ್ದಳು: “ನಿನ್ನ ಹಾಗೇ. ಹ್ಯಾಲಿಫ್ಯಾಕ್ಸ್‌ನಲ್ಲಿ ಮೂವತ್ತೊಂದು ವರ್ಷ ಬಸ್ ಓಡಿಸ್ದೆ, ಒಂದು ಡಿಕ್ಕಿ ಇಲ್ಲ. ಹೊಟ್ಟೆ ಬರಲಿಲ್ವಾ?”
ಗೆದ್ದರೆ ಮಾತಾಡಬೇಕಿಲ್ಲ. ಆದರೆ ಅವಳ ಮಾತು ತಪ್ಪಾಗುವುದು...

ಫೆಬ್ರವರಿ 17
ಏನೂ ಬಂದಿಲ್ಲ.

ಫೆಬ್ರವರಿ 26, ಮಧ್ಯಾಹ್ನ
ಡಾ. ಪ್ರಿಚರ್ಡ್ ಉತ್ತರ ಬಂತು. ಉಬ್ಬಿಲ್ಲ. ಬೆಳಕೆಲ್ಲ ಕಪ್ಪುಕುಳಿಯದೇ. ಕೋಟಿ ಸೂರ್ಯರ ತೂಕವಂತೆ. ಡಿಕ್ಕಿಯಿಲ್ಲದೆ ಅಷ್ಟು ಬೆಳೆದದ್ದು ಹೇಗೆಂದು ಅವರಿಗೂ ಪೂರ್ತಿ ಗೊತ್ತಿಲ್ಲ. ಅನಿಲ ನಿಧಾನವಾಗಿ ಒಳಗೆ ಜಾರುತ್ತ, ಒಂದೊಂದೇ ತುತ್ತು ಇರಬಹುದು ಎಂದು ಬರೆದಿದ್ದಾರೆ.
ಮನೆಯೊಳಗಿನ ಚಪ್ಪಲಿಯಲ್ಲೇ ಬೆರಿಲ್ ಮನೆಗೆ ಹೋದೆ. ಪೆನ್ಸಿಲ್‌ನಲ್ಲಿ ಬರೆದ ನನ್ನ ಹೆಸರಿನ ಮೇಲೆ ಪೆನ್ನಿನಲ್ಲಿ ತಿದ್ದು ಎಂದೆ.

ಮಾರ್ಚ್ 8, ಸಂಜೆ 6:50
ಸಭೆ ನಡೆಯುವ ಚರ್ಚ್ ಹಾಲ್‌ನ ಅಡುಗೆಕೋಣೆ. ಹೊರಗೆ ಇಪ್ಪತ್ಮೂರು ಜನ, ಎಣಿಸಿದೆ. ಟೈ ಬಿಗಿ. ಕಾರ್ಡಿನಲ್ಲಿ ಮೊದಲ ಸಾಲು: ‘ಎನಿಡ್ ಹೇಳಿದ್ದೇ ಸರಿ.’ ಮದುವೆಯಾದ ನಲವತ್ತೊಂದು ವರ್ಷದಲ್ಲಿ ಅವಳೆದುರು ಒಮ್ಮೆಯೂ ಹೇಳದ ಮಾತು. ಎರಡನೇ ಸಾಲು ಇನ್ನೂ ಬರೆದಿಲ್ಲ. ಬೆರಿಲ್ ಕೈಸನ್ನೆ ಮಾಡುತ್ತಿದ್ದಾಳೆ. ಎರಡನೆಯದು—