ಗೋಡೆಯಾಚೆಗೆ ಹೋಗುವ ನೀರು

ನವೆಂಬರ್ ೪, ಬೆಳಿಗ್ಗೆ

ಮತ್ತೆ ಅಳತೆ ತೆಗೆದೆ. ನನ್ನ ಮೇಜಿನಿಂದ ಗೋಡೆ, ಗೋಡೆಯಿಂದ ಅಕ್ಕನ ಮೇಜು. ಟೇಪು ಎರಡು ಸಲಕ್ಕೆ ಎರಡು ಉತ್ತರ ಕೊಟ್ಟಿತು. ಗೋಡೆ ನೆಟ್ಟಗಿಲ್ಲವೋ, ನಾನೋ.

ಪ್ಲಾನು ಇಷ್ಟೇ, ನನ್ನ ಕಂಪ್ಯೂಟರನ್ನು ತಣ್ಣಗಿಡುವ ನೀರಿನದು. ಪಂಪು ಟ್ಯಾಂಕಿನ ನೀರನ್ನು ದೂಡುತ್ತದೆ. ಮೊದಲು ಪ್ರೊಸೆಸರ್ ಮೇಲೆ ಕೂತ ತಾಮ್ರದ ಬಿಲ್ಲೆಗೆ, ಅಲ್ಲಿಂದ ಗ್ರಾಫಿಕ್ಸ್ ಕಾರ್ಡಿಗೆ. ಎರಡರ ಬಿಸಿಯನ್ನೂ ಹೊತ್ತುಕೊಂಡ ನೀರನ್ನು ಎಲ್ಲರೂ ರೇಡಿಯೇಟರಿಗೆ ಬಿಡುತ್ತಾರೆ, ಫ್ಯಾನು ಹಾಕಿ ಬಿಸಿಯನ್ನು ಗಾಳಿಗೆ ಎಸೆದುಬಿಡುತ್ತಾರೆ. ನಾನು ಅದಕ್ಕೂ ಮೊದಲು ಗೋಡೆ ಕೊರೆದು ಅಕ್ಕನ ಕೋಣೆಗೆ ಕಳಿಸುವವನಿದ್ದೇನೆ. ಅವಳ ಮೇಜಿನ ಅಂಚಿಗೆ ಒಂದು ತಾಮ್ರದ ತಗಡು, ಅದರಡಿಯಲ್ಲಿ ಕೊಳವೆ. ಅವಳು ಕೈಯಿಟ್ಟುಕೊಳ್ಳಲು. ಆಮೇಲೆ ನೀರು ವಾಪಸ್ ಬಂದು ರೇಡಿಯೇಟರಿಗೆ, ಟ್ಯಾಂಕಿಗೆ.

ಇನ್ನೂ ಕಟ್ಟದ ಕಟ್ಟಡಗಳ ಚಿತ್ರ ಮಾಡುವುದು ನನ್ನ ಕಸುಬು. ಮೆಷಿನ್ನು ಹಗಲೆಲ್ಲ ಕುದಿಯುತ್ತದೆ. ಆ ಬಿಸಿ ಇಷ್ಟು ವರ್ಷ ಎಲ್ಲಿಗೆ ಹೋಯಿತೋ...

ನವೆಂಬರ್ ೬

ಅಕ್ಕ ಹಳೆಯ ಕಾಗದ ರಿಪೇರಿ ಮಾಡುವವಳು. ಚಳಿ ಶುರುವಾದ ಮೇಲೆ ಅವಳ ಬೆರಳ ತುದಿಗಳು ಸುಣ್ಣದಂತೆ ಬಿಳಿಚಿಕೊಳ್ಳುತ್ತವೆ. ಕೈ ಬೆಚ್ಚಗಿಡಿ ಅಂದಿದ್ದಾರೆ ಡಾಕ್ಟರು. ಗ್ಲೌಸು ಹಾಕಿದರೆ ತುಣುಕು ಹಿಡಿಯಲಾಗುವುದಿಲ್ಲ. ಫ್ಯಾನಿರುವ ಹೀಟರು ತುಣುಕುಗಳನ್ನು ಹಾರಿಸುತ್ತದೆ. ಕಂಬಿ ಹೀಟರಿಗೆ ಕಾಗದ ಸುರುಳಿಯಾಗುತ್ತದೆ.

ಈಗ ಮೇಜಿನ ಮೇಲಿರುವುದು ಗ್ರಂಥಾಲಯದವರ ಹಳೇ ಭೂಪಟ. ಒಂದು ನದಿ, ಹುಟ್ಟಿದಲ್ಲಿಂದ ಕಡಲವರೆಗೆ. ಮಡಿಕೆಗಳಲ್ಲೆಲ್ಲ ಹರಿದು ಚೂರಾಗಿದೆ. ರಿಪೇರಿ ಆಗುತ್ತದೋ ಇಲ್ಲವೋ ತಿಂಗಳ ಕೊನೆಯೊಳಗೆ ಹೇಳಬೇಕಂತೆ.

"ವಾಪಸ್ ಕಳಿಸಿದೆ ಅಂತಿಟ್ಕೋ, ಇನ್ಮೇಲೆ ಯಾರೂ ಏನೂ ಕಳಿಸಲ್ಲ" ಅಂದಳು, ಚಹಾ ಕದಡುತ್ತ. ಸಕ್ಕರೆ ಹಾಕದ ಚಹಾ. ಕದಡುತ್ತಲೇ ಇದ್ದಳು.

ಪ್ಲಾನು ತೋರಿಸಿದೆ. ಕನ್ನಡಕ ಮೇಲೆ ಸರಿಸಿ ನೋಡಿದಳು.

"ಕಾಗದದ ಕೋಣೆಗೆ ನೀರು ತರ್ತೀಯಾ? ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗಾಯ್ತು."

ಬೇಡ ಅನ್ನಲಿಲ್ಲ.

ನವೆಂಬರ್ ೯

ಕಂಪ್ಯೂಟರ್ ಅಂಗಡಿ. ಅಂಗಡಿಯವನು ಅಲ್ಯೂಮಿನಿಯಂ ರೇಡಿಯೇಟರು ತೋರಿಸಿದ, ಹಗುರ ಅಂದ. ಬೇಡ, ತಾಮ್ರದ್ದೇ ಕೊಡಿ ಅಂದೆ. ಒಂದೇ ನೀರಿನಲ್ಲಿ ಎರಡು ಲೋಹ ಇದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ, ಸದ್ದಿಲ್ಲದೆ.

"ಸಂಸಾರ ಇದ್ದ ಹಾಗೆ ಅನ್ನಿ."

"ನನಗೆ ಅನುಭವ ಇಲ್ಲ."

"ಪುಣ್ಯವಂತರು. ಅಲ್ಲ ಸಾರ್, ಕಂಪ್ಯೂಟರಿಗೆ ನೀರು ಸರಿ, ಪಕ್ಕದ ರೂಮಿಗ್ಯಾಕೆ ಇಷ್ಟುದ್ದ ಟ್ಯೂಬು?"

"ಅಲ್ಲಿ ಅಕ್ಕ ಇದ್ದಾಳೆ."

ಅದು ಪೂರ್ತಿ ಉತ್ತರ ಎಂಬಂತೆ ತಲೆಯಾಡಿಸಿ ಕಟ್ಟಿಕೊಟ್ಟ.

ನವೆಂಬರ್ ೧೩, ರಾತ್ರಿ

ಗೋಡೆ ಕೊರೆದಾಯಿತು. ತೂತಿನಲ್ಲಿ ಕಣ್ಣಿಟ್ಟರೆ ಅಕ್ಕನ ಕೋಣೆಯ ಒಂದು ಚೂರು ಬೆಳಕು, ಭೂಪಟದ ಮೂಲೆ, ಅವಳ ತೋಳು. ಒಂದೇ ಮನೆಯಲ್ಲಿ ಇಷ್ಟು ಕಾಲ ಇದ್ದು, ಅವಳು ಕೆಲಸ ಮಾಡುವುದನ್ನು ಈ ದಿಕ್ಕಿನಿಂದ ನೋಡಿದ್ದೇ ಇಲ್ಲ.

ಸೋರಿಕೆ ಪರೀಕ್ಷೆ. ಮೆಷಿನ್ನಿಗೆ ಕರೆಂಟು ಕೊಡದೆ ಪಂಪು ಮಾತ್ರ ಓಡಿಸಿ, ಪ್ರತಿ ಜೋಡಣೆಯ ಕೆಳಗೂ ಕಾಗದ ಹಾಸಿ ಕಾಯಬೇಕು. ನಾನು ಟಿಶ್ಯೂ ಹಾಸಿದೆ. ಅಕ್ಕ ಅದನ್ನು ತೆಗೆದು ಬಿಸಾಡಿ ತನ್ನ ಬ್ಲಾಟಿಂಗ್ ಪೇಪರ್ ಕತ್ತರಿಸಿ ತಂದಳು. ಆಮೇಲೆ ಒಂದೊಂದನ್ನೇ ಎತ್ತಿ ಮೇಲ್ದುಟಿಗೆ ಮುಟ್ಟಿಸಿಕೊಂಡಳು, ಕಣ್ಣು ಮುಚ್ಚಿ. ಅವಳ ಕಸುಬಿನಲ್ಲಿ ತೇವ ನೋಡುವುದೇ ಹೀಗಂತೆ.

"ಇದು ಒದ್ದೆ. ಬಿಗಿ ಮಾಡು."

ನನ್ನ ಕಣ್ಣಿಗೆ ಒಣಗಿತ್ತು. ಬಿಗಿ ಮಾಡಿದೆ, ಅರ್ಧ ಸುತ್ತು ತಿರುಗಿತು.

ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆಗಳು ಸಾಲಾಗಿ ಬಂದು ಗೋಡೆಯೊಳಗೆ ಹೋಗುತ್ತವೆ. ಸ್ವಲ್ಪ ಹೊತ್ತು ಇಲ್ಲ. ಮತ್ತೆ ಇನ್ನೊಂದು ಟ್ಯೂಬಿನಲ್ಲಿ ಬರುತ್ತವೆ. ಅಲ್ಲಿ ಏನು ನೋಡಿ ಬಂದವೋ ಹೇಳುವುದಿಲ್ಲ. ಸಂಜೆಯವರೆಗೂ ಕೂತಿದ್ದೆ.

ನವೆಂಬರ್ ೧೪

ಎಲ್ಲ ಕಾಗದವೂ ಒಣಗಿದೆ. ಮೆಷಿನ್ನು ಹಚ್ಚಿದೆ. ತಗಡು ಕುಡಿಯುವ ಹಾಲಿನಷ್ಟು ಬೆಚ್ಚಗೆ. ಅಕ್ಕ ಎರಡೂ ಅಂಗೈ ಇಟ್ಟಳು, ಎತ್ತಲಿಲ್ಲ. ಬೆರಳುಗಳಿಗೆ ಬಣ್ಣ ಬರುವುದನ್ನು ಇಬ್ಬರೂ ನೋಡಿದೆವು.

ನವೆಂಬರ್ ೧೭

ಗಾಜಿನ ಗೋಡೆಗಳ ಚಿತ್ರ ಮಾಡುವಾಗ ತಗಡು ಜಾಸ್ತಿ ಕಾಯುತ್ತದೆ. ನಾನು ಸುಮ್ಮನೆ ಕೂತರೆ ಆರುತ್ತದೆ. ಆಚೆಯಿಂದ ಕೂಗು:

"ಏನೋ, ಕನಸು ಕಾಣ್ತಾ ಕೂತಿದ್ದೀಯಾ? ಇಲ್ಲಿ ತಣ್ಣಗಾಗ್ತಿದೆ."

ಕೆಲಸಗಳ್ಳತನಕ್ಕೆ ಇನ್ನು ಈ ಮನೆಯಲ್ಲಿ ಜಾಗವಿಲ್ಲ.

ಭೂಪಟದ ಬೆಟ್ಟಗಳೆಲ್ಲ ಕೂಡಿಕೊಂಡಿವೆ. ನದಿ ಬಯಲಿಗಿಳಿದಿದೆ.

ನವೆಂಬರ್ ೨೦

ಬಿಲ್ಡರ್ ಫೋನು. ಕೆಲಸ ಸದ್ಯಕ್ಕೆ ನಿಲ್ಲಿಸಿದ್ದಾರೆ. ಮುಂದಿನ ತಿಂಗಳು ನೋಡೋಣ ಅಂದರು. ಮೆಷಿನ್ನಿಗೆ ಮಾಡಲು ಏನೂ ಇಲ್ಲ. ತಗಡು ಆರತೊಡಗಿತು.

ಹಾಗಾಗಿ ಯಾರೂ ಕೇಳದ ಕಟ್ಟಡವೊಂದನ್ನು ಶುರು ಮಾಡಿದೆ. ಬಿಸಿ ಬರಬೇಕಾದರೆ ಗಾಜು ಬೇಕು, ನೀರು ಬೇಕು, ಒಂದರೊಳಗೊಂದು ಕಾಣುವ ಪ್ರತಿಬಿಂಬ ಬೇಕು. ಗಾಜಿನ ಮೆಟ್ಟಿಲು ಹಾಕಿದೆ. ಮೆಟ್ಟಿಲಿಳಿದರೆ ತೆಳ್ಳಗೆ ನೀರು ನಿಂತ ನೆಲ. ಅದರಾಚೆ ಇನ್ನೊಂದು ಮೆಟ್ಟಿಲು.

ನವೆಂಬರ್ ೨೩

ಕಟ್ಟಡ ಬೆಳೆಯುತ್ತಿದೆ. ಬಾಗಿಲೇ ಇಡದಿದ್ದದ್ದು ಇವತ್ತು ಗೊತ್ತಾಯಿತು. ಕಿಟಕಿಗಳಿಂದ ಬೆಳಕು ಬರುತ್ತದೆ, ಸೂರ್ಯನನ್ನು ಎಲ್ಲಿಟ್ಟೆನೋ ನೆನಪಿಲ್ಲ. ಊಟಕ್ಕೆ ಎದ್ದಾಗ ನಮ್ಮ ಪಡಸಾಲೆ ತೀರ ಗಿಡ್ಡ ಅನ್ನಿಸಿತು.

ಅಕ್ಕ ಈಚೆಗೆ ಕೂಗುವುದಿಲ್ಲ. "ಸಾಕಾಗುವಷ್ಟು ಕಾದಿದೆಯಾ?" ಎಂದು ನಾನೇ ಹೋಗಿ ಕೇಳುತ್ತೇನೆ. "ಹೂಂ ಕಣೋ" ಅನ್ನುತ್ತಾಳೆ. ಕಟ್ಟಡ ಫಲ ಕೊಟ್ಟಿದೆ ಅಂದುಕೊಳ್ಳುತ್ತೇನೆ.

ನವೆಂಬರ್ ೨೫

ಹನ್ನೊಂದರ ಹೊತ್ತಿಗೆ ಮೆಷಿನ್ನು ತಾನಾಗಿ ಆರಿಹೋಯಿತು. ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಟ್ಯೂಬಿನ ನೀರು ನಿಂತಲ್ಲೇ ನಿಂತಿದೆ. ಬಿಚ್ಚಿ ನೋಡುವುದರಲ್ಲಿ ಊಟದ ಹೊತ್ತು ದಾಟಿತು.

ಹೇಳೋಣ ಅಂತ ಅಕ್ಕನ ಕೋಣೆಗೆ ಹೋದೆ. ಎಡಗೈ ತಗಡಿನ ಮೇಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಂದಳು:

"ಇವತ್ತು ಹಾಯಾಗಿದೆ ಕಣೋ. ಚೆನ್ನಾಗಿ ಕಾದಿದೆ."

ಟ್ಯೂಬು ಸರಿಮಾಡುವವನಂತೆ ಬಗ್ಗಿ ತಗಡು ಮುಟ್ಟಿದೆ. ಕಲ್ಲಿನಷ್ಟು ತಣ್ಣಗೆ.

"ಹೂಂ" ಅಂದೆ. ಬಂದುಬಿಟ್ಟೆ.

ಸಂಜೆ ಪಂಪು ಓಡಿತು.

ನವೆಂಬರ್ ೨೮

ಭೂಪಟದ ಮೇಲೆ ನದಿ ಬಯಲಿನ ಕೊನೆಯಲ್ಲಿ ನಿಂತಿದೆ. ಕಡಲು ಸೇರುವ ಜಾಗದ ತುಣುಕುಗಳು, ಎಲ್ಲಕ್ಕಿಂತ ಸಣ್ಣವು, ಟ್ರೇಯಲ್ಲಿ ಹಾಗೇ ಇವೆ. ಮೊನ್ನೆ ಹೇಗಿದ್ದವೋ ಹಾಗೆ. ಅಕ್ಕ ಚಿಮಟ ಹಿಡಿದು ಕೂತಿರುತ್ತಾಳೆ, ಅಷ್ಟೇ.

ಕೊನೆಗೂ ಹೇಳಿದೆ. "ಅಕ್ಕ, ಮೊನ್ನೆ ಪಂಪು ನಿಂತಿತ್ತು."

ಕನ್ನಡಕ ತೆಗೆದಳು. ಒರೆಸಿದಳು. ಹಾಕಿಕೊಳ್ಳಲಿಲ್ಲ.

"ಮೊದಮೊದಲು ಗೊತ್ತಾಗ್ತಿತ್ತು. ಆಮೇಲೆ ಬೆರಳಿಗೆ ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ನಿನ್ನ ಮುಖ ನೋಡಿ ಹೇಳ್ತಿದ್ದೆ."

"ಡಾಕ್ಟರು?"

"ಬಣ್ಣ ಬರುತ್ತೆ, ಸ್ಪರ್ಶ ಬರೋದು ಕಷ್ಟ ಅಂದ್ರು. ನರದ್ದಂತೆ. ಚಿಮಟದಲ್ಲಿ ತುಣುಕು ಇದೆಯೋ ಬಿದ್ದಿದೆಯೋ ನೋಡಿದ್ರೇನೇ ತಿಳಿಯೋದು. ಎಷ್ಟು ಒತ್ತಿದೀನಿ ಅಂತ್ಲೂ ಗೊತ್ತಾಗಲ್ಲ. ಒಂದು ಪುಡಿಯಾಯ್ತು."

"ಹೇಳಬಾರದಿತ್ತಾ?"

"ನನಗೋಸ್ಕರ ಗೋಡೆ ಕೊರೆದಿದ್ದೆಯಲ್ಲೋ." ಕನ್ನಡಕ ಹಾಕಿಕೊಂಡು, "ನೀನು? ಕೆಲಸ ನಿಂತಿದೆ ಅಂತ ಫೋನಲ್ಲಿ ಮಾತಾಡಿದ್ದು ಕೇಳಿಸ್ತು. ಹಗಲೆಲ್ಲ ಏನು ಮಾಡ್ತಿದ್ದೆ?"

"ಒಂದು ಕಟ್ಟಡ."

"ಯಾರದು?"

"ಯಾರದೂ ಅಲ್ಲ."

"ಹಂಗಿದ್ರೆ ಖಾಲಿ ಇರ್ಬೇಕು" ಅಂದಳು. ನಕ್ಕಳೋ, ಮೂಗು ಸೇದಿದಳೋ. ಟ್ರೇಗೆ ಗಾಜು ಮುಚ್ಚಿ ದೀಪ ಆರಿಸಿದಳು. ಭೂಪಟ ಕಟ್ಟಿ ಕಳಿಸಲು ರಟ್ಟು ಎಲ್ಲಿದೆ ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ಗೊತ್ತಿತ್ತು.

ನವೆಂಬರ್ ೩೦, ಬೆಳಿಗ್ಗೆ

ಗ್ರಂಥಾಲಯದವರು ಸಂಜೆ ಫೋನು ಮಾಡುತ್ತಾರೆ. ತಿಂಡಿಯಾದ ಮೇಲೆ ಅಕ್ಕ ನನ್ನ ಬಾಗಿಲಲ್ಲಿ ಬಂದು ನಿಂತಳು. ಸಾಮಾನ್ಯವಾಗಿ ಕೂಗುತ್ತಾಳೆ, ಬರುವುದಿಲ್ಲ.

"ಕೈ ತೊಳ್ಕೊಂಡು ಬಾ. ಚೆನ್ನಾಗಿ ಒರೆಸ್ಕೋ."

"ನಾನಾ?"

"ಬೇರೆ ಯಾರಿದ್ದಾರೆ ಇಲ್ಲಿ? ನಿನ್ನ ಬೆರಳಿಗೆ ಇನ್ನೂ ತಿಳಿಯುತ್ತಲ್ಲ. ನೋಡೋದು ನಾನು ನೋಡ್ತೀನಿ."

"ಹರಿದುಹೋದ್ರೆ?"

"ಹರಿದಿರೋದನ್ನೇ ಕೊಟ್ಟಿರೋದು."

ಅವಳ ಕುರ್ಚಿಯಲ್ಲಿ ಕೂತೆ. ಚಿಮಟದ ತುದಿಯಲ್ಲಿ ತುಣುಕಿದೆ ಎಂಬುದು ಭಾರದಿಂದಲ್ಲ, ಒಂದು ಬಗೆಯ ಹಿಂಜರಿಕೆಯಿಂದ ತಿಳಿಯುತ್ತದೆ. ಅಕ್ಕನ ಗದ್ದ ನನ್ನ ಭುಜದ ಹತ್ತಿರ.

"ಉಸಿರು ಬಿಡು. ಅದರ ಮೇಲೆ ಬಿಡ್ಬೇಡ. ಎಡಕ್ಕೆ... ನಿನ್ನ ಎಡ ಅಲ್ಲ, ನದಿಯ ಎಡ."

ಕೂಡಿಕೊಂಡಿತು. ಅರ್ಧ ದ್ವೀಪ, ಪಕ್ಕದಲ್ಲಿ ಓದಲಾಗದ ಎರಡು ಅಕ್ಷರ. ಅವಳು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದಳು. "ಒಂದು ಕೂದಲಷ್ಟು ಓರೆ" ಅಂದಳು. "ಇರಲಿ. ಇನ್ನೊಂದು ಹೀಗಾಗಬಾರದು."

ಅಂಟು ಒಣಗುವವರೆಗೆ ಹೊರಗಿರು ಅಂದಳು. ಅದಕ್ಕೇ ಬರೆಯುತ್ತ ಕೂತಿದ್ದೇನೆ. ಟ್ರೇಯಲ್ಲಿ ಇನ್ನೂ ಇಡೀ ದಡ ಉಳಿದಿದೆ. ಇವತ್ತಿಗೆ ಮುಗಿಯುವುದಿಲ್ಲ, ಬಹುಶಃ ಮುಂದಿನ ತಿಂಗಳಿಗೂ. ಫೋನು ಬಂದರೆ ಏನು ಹೇಳುತ್ತೀ ಎಂದು ಕೇಳಿದ್ದೆ. "ಆಗುತ್ತೆ ಅಂತೀನಿ. ನಿಧಾನ ಆಗುತ್ತೆ ಅಂತೀನಿ."

ಕರೆಯುತ್ತಿದ್ದಾಳೆ. ಒಣಗಿತಂತೆ. ಮುಂದಿನ ತುಣುಕು ಯಾವುದೆಂದು ನೀನೇ ನೋಡಿ ಹೇಳು ಅನ್ನುತ್ತಿದ್ದಾಳೆ. ನೀರು ಎಲ್ಲಿ ಮುಗಿದು ನೆಲ ಎಲ್ಲಿ ಶುರು ಅಂತಲೇ ತಿಳಿಯದ ಆ ಟ್ರೇಯಲ್ಲಿ, ನಾನು ಹೇಗೆ ಆರಿಸಲಿ? ಕೈ ತೊಳೆದುಕೊಂಡು ಹೊರಟೆ.