ಗೋವಾದಾಗೆ ಕೇಳಿದ ಅಪ್ಪಣೆ

ಅಂಜುನ ಕಡಲದಂಡೆ, ಗೋವಾ
ಸಂಕ್ರಾಂತಿ ಮಾರನೇ ದಿನ, 1979

ಐಮಂಗಲದಾಗಿರೋ ಅವ್ವಂಗೆ ಮಗನ ಶರಣು.

ಕಂಬಳಿ ಮಾರಾಕೆ ಬಂದ್ರೆ ಇಲ್ಲಿ ಚಳೀನೇ ಇಲ್ಲ ಕಣವ್ವ. ಆದ್ರೂ ಬಿಳೀ ಜನ ತಗಂಡು ಮರಳಿನ ಮ್ಯಾಲೆ ಹಾಸ್ಕಂತಾರೆ. ಡೊಳ್ಳಿಲ್ಲ, ಬಡಿಯೋರೂ ಇಲ್ಲ. ಕರೆಂಟಿನ ಪೆಟ್ಟಿಗೆ ತಾನೇ ಡುಂ ಡುಂ ಅಂತೈತೆ, ಮಟಮಟ ಮಧ್ಯಾಹ್ನ ಎಲ್ಲರ ಮೈಮ್ಯಾಲೂ ದೇವ್ರು ಬರ್ತೈತೆ. ಚಿಲುಮೆ ಸೇದ್ತಾರೆ, ನಾಲಿಗೆ ಮ್ಯಾಲೆ ಎಂಥದೋ ಚೂರು ಕಾಗದ ಇಟ್ಕಂತಾರೆ. ಬೈರಾಗಿ ಸೇದಿದ್ರೆ ಕಾಲಿಗೆ ಬೀಳ್ತೀಯ, ನಾನು ಸೇದಿದ್ರೆ ಪೊರಕೆ ತಗಂತೀಯ. ಅದಕ್ಕೇ ಮುಟ್ಟಿಲ್ಲ.

ದೇವ್ರು ಬಂದಾಗ ಕೇಳದೆ ಬಿಡಾಕಾಗ್ತೈತಾ? ಒಬ್ಬ ಗಡ್ಡದೋನ ಹಣೆಗೆ ಭಂಡಾರ ಹಚ್ಚಿ, "ತಂಗಿಗೆ ಪಾಪಣ್ಣ ಮೇಷ್ಟ್ರ ಮಗನ್ನ ತರಬಹುದಾ, ಅಪ್ಪಣೆ ಕೊಡಪ್ಪ" ಅಂದೆ. ಬ್ಯಾಡ ಬ್ಯಾಡ ಅಂತ ಒಂದೇ ಸಮ ತಲೆ ಆಡಿಸಿದ. ಸುತ್ತ ಕುಣಿಯೋರೆಲ್ಲ ಹಂಗೇ ಆಡಿಸಿದ್ರು. ಇಷ್ಟೊಂದು ದೇವ್ರು ಒಂದೇ ಮಾತು ಹೇಳಿದ್ದು ನಾನು ಕಂಡಿಲ್ಲ. ಆ ಸಂಬಂಧ ಬಿಟ್ಟಾಕು.

ಹುಷಾರಾಗಿದೀನಿ, ಬಿಸಿಲಿಗೆ ಮೂಗು ಸುಲಿದೈತೆ ಅಷ್ಟೇ. ಕಾರ್ಡಿನಾಗೆ ಜಾಗ ಮುಗೀತು.

ಬೀರಪ್ಪ

ಪಾಪಣ್ಣ ಮೇಷ್ಟ್ರೇ, ಅವ್ವಂಗೆ ಕಿವಿ ಮಂದ. ಎಂದಿನಂಗೆ ಜೋರಾಗಿ ಓದಿ ಹೇಳ್ರಿ.